ನಡುವಿನ ಜಾಗಕ್ಕೆ ಒಡೆಯರಾರು?

2018ರ ಜನವರಿಯಲ್ಲಿ ಮುಂಬೈನ ಫೋರ್ಟ್ ಪ್ರದೇಶದ ಬ್ರಾಡಿ ಹೌಸ್ ಕಟ್ಟಡದಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಗೆ ವಜ್ರ ವ್ಯಾಪಾರದ ಕೆಲವು ಸಂಸ್ಥೆಗಳ ಪ್ರತಿನಿಧಿಗಳು ಬಂದು, ವಿದೇಶಿ ಸಾಲಕ್ಕೆ ಬೇಕಾದ ಖಾತರಿ ಪತ್ರ ಕೊಡಬೇಕೆಂದು ಕೇಳಿದರು. ಪೂರ್ತಿ ಮೊತ್ತಕ್ಕೆ ಸಮನಾದ ನಗದು ಠೇವಣಿ ಇಡಬೇಕಾಗುತ್ತದೆ ಎಂದು ಶಾಖೆಯವರು ಹೇಳಿದಾಗ, ಹಿಂದೆಲ್ಲ ಠೇವಣಿ ಇಲ್ಲದೆಯೇ ಈ ಸೌಲಭ್ಯ ಪಡೆದಿದ್ದೇವಲ್ಲ ಎಂಬ ಉತ್ತರ ಬಂತು. ಅಧಿಕಾರಿಗಳು ಗಣಕದಲ್ಲಿ ಹುಡುಕಿದರು. ಅಂಥ ಯಾವ ವ್ಯವಹಾರದ ಸುಳಿವೂ ಅಲ್ಲಿರಲಿಲ್ಲ. ಫೆಬ್ರುವರಿ 14ರಂದು ಬ್ಯಾಂಕು ಬಹಿರಂಗಪಡಿಸಿದ ವಂಚನೆಯ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಮುಂದೆ ಅದು 13,000 ಕೋಟಿಯನ್ನೂ ದಾಟಿತು.

ನೀರವ್ ಮೋದಿ ಮತ್ತು ಮೆಹುಲ್ ಚೋಕ್ಸಿ ದೇಶ ಬಿಟ್ಟು ಹೋದ ಬಗೆಯ ಬಗ್ಗೆ, ಅವರ ಹಿಂದೆ ಯಾರಿದ್ದರು ಎಂಬುದರ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. ಆದರೆ ಒಂದೇ ಬ್ಯಾಂಕಿನ ಎರಡು ಗಣಕ ವ್ಯವಸ್ಥೆಗಳು ವರ್ಷಗಟ್ಟಲೆ ಒಂದರ ಮುಖ ಒಂದು ನೋಡದೆ ಕುಳಿತಿದ್ದವು ಎಂಬ ಸಂಗತಿ ಒಳಪುಟಗಳಲ್ಲೇ ಉಳಿಯಿತು. ನನ್ನ ಮಟ್ಟಿಗೆ ಆ ಹಗರಣದಲ್ಲಿ ಉಳಿದವರೆಲ್ಲರೂ ಕಲಿಯಬೇಕಾದ ಪಾಠ ಇದ್ದದ್ದು ಅಲ್ಲಿಯೇ.

ಆ ಖಾತರಿ ಪತ್ರದ ಹೆಸರು ಎಲ್‌ಒಯು. ಆಮದುದಾರನ ಪರವಾಗಿ ಬ್ಯಾಂಕು ‘ಇವರು ತೀರಿಸದಿದ್ದರೆ ನಾವು ತೀರಿಸುತ್ತೇವೆ’ ಎಂದು ಬರೆದುಕೊಡುತ್ತಿದ್ದ ಮಾತು ಅದು. ಆ ಮಾತನ್ನು ನಂಬಿ ಭಾರತೀಯ ಬ್ಯಾಂಕುಗಳ ವಿದೇಶಿ ಶಾಖೆಗಳು ಡಾಲರಿನಲ್ಲಿ ಸಾಲ ಕೊಡುತ್ತಿದ್ದವು. ಮಾತು ತಲುಪುತ್ತಿದ್ದುದು ‘ಸ್ವಿಫ್ಟ್’ ಎಂಬ ಸಂದೇಶ ಜಾಲದ ಮೂಲಕ. ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿ ಹೊಂದಿರುವ, 1973ರಲ್ಲಿ ಹುಟ್ಟಿದ ಈ ಜಾಲದಲ್ಲಿ ಜಗತ್ತಿನ 11,000ಕ್ಕೂ ಹೆಚ್ಚು ಹಣಕಾಸು ಸಂಸ್ಥೆಗಳಿವೆ. ಸ್ವಿಫ್ಟ್‌ನಲ್ಲಿ ಬಂದ ಸಂದೇಶವನ್ನು ಬ್ಯಾಂಕುಗಳು ಅನುಮಾನಿಸುವುದಿಲ್ಲ. ಇತ್ತ ಬ್ಯಾಂಕಿನ ಒಳಗಿನ ಲೆಕ್ಕ ಇರುವುದು ‘ಕೋರ್ ಬ್ಯಾಂಕಿಂಗ್’ ತಂತ್ರಾಂಶದಲ್ಲಿ. ಯಾರಿಗೆ ಎಷ್ಟು ಸಾಲದ ಮಿತಿ, ಯಾವ ಭದ್ರತೆ, ಬ್ಯಾಂಕಿನ ಮೇಲೆ ಎಷ್ಟು ಹೊಣೆ ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಈ ಬ್ಯಾಂಕು ಬಳಸುತ್ತಿದ್ದುದು ನಮ್ಮ ಬೆಂಗಳೂರಿನ ಇನ್ಫೊಸಿಸ್ ರೂಪಿಸಿದ ಫಿನಾಕಲ್.

ಹೊರಗೆ ಮಾತು ಕೊಡುವ ಯಂತ್ರ ಒಂದು, ಒಳಗೆ ಲೆಕ್ಕ ಇಡುವ ಯಂತ್ರ ಇನ್ನೊಂದು. ಎರಡರ ನಡುವೆ ಇದ್ದದ್ದು ಮನುಷ್ಯನ ಕೈ. ಒಂದರಲ್ಲಿ ಬೆರಳಚ್ಚಿಸಿದ್ದನ್ನು ಇನ್ನೊಂದರಲ್ಲಿಯೂ ಬೆರಳಚ್ಚಿಸಬೇಕು ಎಂಬುದು ನಿಯಮ. ಬೆರಳಚ್ಚಿಸದೆ ಬಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೊಟ್ಟ ಮಾತು ಹಾಂಗ್‌ಕಾಂಗ್‌ನಂಥ ದೂರದ ಊರಿನಲ್ಲಿ ಡಾಲರ್ ಆಗುತ್ತದೆ, ಮನೆಯ ಲೆಕ್ಕದ ಪುಸ್ತಕ ಮಾತ್ರ ಖಾಲಿಯಾಗಿರುತ್ತದೆ. ಶಾಖೆಯ ಕೆಲವೇ ಸಿಬ್ಬಂದಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ, ಹಳೆಯ ಸಾಲವನ್ನು ಹೊಸ ಖಾತರಿ ಪತ್ರದಿಂದ ತೀರಿಸುತ್ತ ಹೋದದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ತನಿಖಾ ಸಂಸ್ಥೆಗಳ ಆರೋಪ. ಸ್ವಿಫ್ಟ್ ಕೆಟ್ಟಿರಲಿಲ್ಲ, ಫಿನಾಕಲ್ ಕೂಡ ಕೆಟ್ಟಿರಲಿಲ್ಲ. ಎರಡೂ ತಮಗೆ ಹೇಳಿದ ಕೆಲಸವನ್ನು ಮಾಡುತ್ತಿದ್ದವು. ಇಲ್ಲದೇ ಇದ್ದದ್ದು ನಡುವಿನ ಕೊಂಡಿ.

ಆ ಕೊಂಡಿಗೆ ಗಣಕ ಲೋಕದಲ್ಲಿ ಮಿಡಲ್‌ವೇರ್ ಎಂದು ಹೆಸರು. ಮಧ್ಯವರ್ತಿ ತಂತ್ರಾಂಶ ಎನ್ನಬಹುದು, ಆದರೆ ನಮ್ಮಲ್ಲಿ ಮಧ್ಯವರ್ತಿ ಎಂದೊಡನೆ ಕಚೇರಿಯ ಮುಂದಿನ ದಲ್ಲಾಳಿ ನೆನಪಾಗುವುದರಿಂದ ಇಂಗ್ಲಿಷ್ ಹೆಸರೇ ಇರಲಿ. ಈ ಪದ 1968ರಷ್ಟು ಹಿಂದೆಯೇ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ತಂತ್ರಾಂಶ ಸಮ್ಮೇಳನದ ವರದಿಯಲ್ಲಿ ಕಾಣಿಸಿಕೊಂಡಿತ್ತು. ಉದ್ಯಮಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸತೊಡಗಿದ್ದು ತೊಂಬತ್ತರ ದಶಕದಲ್ಲಿ. 1993ರಲ್ಲಿ ಐಬಿಎಂ ಹೊರತಂದ ಎಂಕ್ಯು ಸೀರೀಸ್ ಇಂದಿಗೂ ಬೇರೆ ಹೆಸರಿನಲ್ಲಿ ಅನೇಕ ಬ್ಯಾಂಕುಗಳ ಒಡಲಲ್ಲಿ ಓಡುತ್ತಿದೆ. ಇದರ ಕೆಲಸ ಏನೆಂದು ತಿಳಿಯಲು ನಮ್ಮ ಅಂಚೆ ಇಲಾಖೆಯಲ್ಲಿ 2025ರವರೆಗೆ ಪ್ರತ್ಯೇಕ ಸೇವೆಯಾಗಿದ್ದ ರಿಜಿಸ್ಟರ್ಡ್ ಪತ್ರವನ್ನು ನೆನೆದರೆ ಸಾಕು. ಪತ್ರ ಪಡೆಯಬೇಕಾದವನು ಮನೆಯಲ್ಲಿ ಇಲ್ಲದಿದ್ದರೆ ಅದು ಕಳೆದುಹೋಗುತ್ತಿರಲಿಲ್ಲ, ಅಂಚೆ ಕಚೇರಿಯಲ್ಲಿ ಕಾಯುತ್ತಿತ್ತು. ಮರಳಿ ಬಂದಾಗ ಸಹಿ ಹಾಕಿಸಿಕೊಂಡು ಕೊಡಲಾಗುತ್ತಿತ್ತು. ಒಂದೇ ಪತ್ರ ಎರಡು ಬಾರಿ ಬಟವಾಡೆಯಾಗುತ್ತಿರಲಿಲ್ಲ. ಮಿಡಲ್‌ವೇರ್ ಮಾಡುವುದೂ ಇಷ್ಟೇ, ಜತೆಗೆ ಸ್ವಲ್ಪ ದುಭಾಷಿಯ ಕೆಲಸ. ಒಂದು ತಂತ್ರಾಂಶ ದಿನಾಂಕವನ್ನು ದಿನ, ತಿಂಗಳು, ವರ್ಷ ಎಂದು ಬರೆದರೆ ಇನ್ನೊಂದು ತಿಂಗಳಿನಿಂದ ಶುರುಮಾಡುತ್ತದೆ. ಒಂದರಲ್ಲಿ ಗ್ರಾಹಕ ಒಂದು ಸಂಖ್ಯೆ, ಇನ್ನೊಂದರಲ್ಲಿ ಅವನೇ ಬೇರೆ ಸಂಖ್ಯೆ. ಇವನ್ನೆಲ್ಲ ಸರಿಹೊಂದಿಸಿ ದಾಟಿಸಬೇಕು.

ಇಷ್ಟೊಂದು ತಂತ್ರಾಂಶಗಳು ಏಕೆ, ಎಲ್ಲವನ್ನೂ ಒಂದರಲ್ಲೇ ಮಾಡಬಾರದೇ ಎಂದು ಓದುಗರು ಕೇಳಬಹುದು. ಸಂಸ್ಥೆಗಳು ಬೆಳೆಯುವುದು ಹಳೆಯ ಕೂಡುಕುಟುಂಬದ ಮನೆಯ ಹಾಗೆ. ಮದುವೆಯಾದಾಗ ಒಂದು ಕೋಣೆ, ಮಳೆಗಾಲಕ್ಕೆ ಒಂದು ಚಾವಡಿ. ಉಳಿತಾಯ ಖಾತೆಗೆ ಒಂದು ತಂತ್ರಾಂಶ ಕೊಂಡವರು ಹತ್ತು ವರ್ಷದ ಬಳಿಕ ಕ್ರೆಡಿಟ್ ಕಾರ್ಡಿಗೆ ಬೇರೊಂದು ಕೊಳ್ಳುತ್ತಾರೆ, ಗೃಹಸಾಲಕ್ಕೆ ಮತ್ತೊಂದು. ಮನೆ ಬದಲಾಯಿಸಿ ಶಾಖೆಯಲ್ಲಿ ಹೊಸ ವಿಳಾಸ ಬರೆದುಕೊಟ್ಟ ಮೇಲೂ ಕ್ರೆಡಿಟ್ ಕಾರ್ಡಿನ ಬಿಲ್ಲು ಹಳೆಯ ಮನೆಗೇ ಹೋದ ಅನುಭವ ಅನೇಕರಿಗೆ ಆಗಿರಬೇಕು. ಹತ್ತು ತಂತ್ರಾಂಶಗಳಿದ್ದರೆ, ಪ್ರತಿಯೊಂದನ್ನೂ ಇನ್ನೊಂದರೊಡನೆ ನೇರವಾಗಿ ಜೋಡಿಸಲು 45 ಕೊಂಡಿಗಳು ಬೇಕು. ಇಪ್ಪತ್ತಾದರೆ 190. ಒಂದು ತಂತ್ರಾಂಶ ಬದಲಾದಾಗ ಅದಕ್ಕೆ ಅಂಟಿದ ಅಷ್ಟೂ ಕೊಂಡಿಗಳನ್ನು ಬಿಚ್ಚಿ ಕಟ್ಟಬೇಕು. ಎಲ್ಲವೂ ನಡುವಿನ ಒಂದೇ ಅಂಚೆ ಕಚೇರಿಗೆ ಜೋಡಿಸಿಕೊಂಡರೆ ಇಪ್ಪತ್ತಕ್ಕೆ ಇಪ್ಪತ್ತೇ ಸಾಕು.

ಸಂಸ್ಥೆಗಳೇ ಒಂದಾಗುವಾಗ ಈ ಕೆಲಸ ಎಷ್ಟು ನಿಧಾನ ಎಂಬುದನ್ನು ಕನ್ನಡ ನಾಡಿನವರು ಹತ್ತಿರದಿಂದ ಕಂಡಿದ್ದಾರೆ. ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಕೊನೆಗೊಂಡದ್ದು 2021ರ ಜೂನ್ ಅಂತ್ಯಕ್ಕೆ. ಕಾಗದದಲ್ಲಿ ಒಂದು ದಿನದಲ್ಲಿ ಆದ ಮದುವೆ ಸಂಸಾರವಾಗಲು 15 ತಿಂಗಳು ಹಿಡಿಯಿತು.

ಮುಂಬೈಗೇ ಮರಳೋಣ. ಸ್ವಿಫ್ಟ್ ದುರ್ಬಳಕೆಯ ಅಪಾಯದ ಬಗ್ಗೆ 2016ರ ಆಗಸ್ಟ್‌ನಿಂದೀಚೆಗೆ ಕನಿಷ್ಠ ಮೂರು ಬಾರಿ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕು 2018ರ ಫೆಬ್ರುವರಿಯಲ್ಲಿ ಹೇಳಿತು. ಆ ಎಚ್ಚರಿಕೆಗೆ ಹಿನ್ನೆಲೆಯೂ ಇತ್ತು. 2016ರ ಫೆಬ್ರುವರಿಯಲ್ಲಷ್ಟೇ ಕಳ್ಳರು ಸ್ವಿಫ್ಟ್ ಸಂದೇಶಗಳ ಮೂಲಕ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ 8.1 ಕೋಟಿ ಡಾಲರ್ ಲಪಟಾಯಿಸಿದ್ದರು. ಹಗರಣ ಹೊರಬಿದ್ದ ಮೇಲೆ, ಏಪ್ರಿಲ್ 30ರ ಒಳಗೆ ಸ್ವಿಫ್ಟನ್ನು ಕೋರ್ ಬ್ಯಾಂಕಿಂಗ್‌ಗೆ ಜೋಡಿಸಬೇಕೆಂಬ ಗಡುವು ಬಂತು. ಮಾರ್ಚ್ 13ರಂದು ಎಲ್‌ಒಯು ಪದ್ಧತಿಯನ್ನೇ ನಿಲ್ಲಿಸಲಾಯಿತು. ಅಷ್ಟಾದ ಮೇಲೂ ಸ್ವಿಫ್ಟ್ ಕುರಿತ ಸೂಚನೆಗಳನ್ನು ಸರಿಯಾಗಿ ಪಾಲಿಸದ ತಪ್ಪಿಗೆ 2019ರ ಆರಂಭದಲ್ಲಿ 36 ಬ್ಯಾಂಕುಗಳಿಗೆ ಒಟ್ಟು 71 ಕೋಟಿ ರೂಪಾಯಿ ದಂಡ ಬಿತ್ತು. ಕೊಂಡಿ ಬೇಕೆಂದು ತಿಳಿಯದ ಬ್ಯಾಂಕು ಇರಲಾರದು. ಆದರೆ ಸಾಲ ವಿಭಾಗಕ್ಕೆ ಒಬ್ಬ ಮುಖ್ಯಸ್ಥ, ವಿದೇಶಿ ವಿನಿಮಯಕ್ಕೆ ಒಬ್ಬ ಮುಖ್ಯಸ್ಥ ಇರುತ್ತಾನೆಯೇ ಹೊರತು ಅವರಿಬ್ಬರ ನಡುವಿನ ಜಾಗಕ್ಕೆ ಯಾರೂ ಇರುವುದಿಲ್ಲ. ಹೊಸ ತಂತ್ರಾಂಶ ಕೊಂಡರೆ ಉದ್ಘಾಟನೆ ಮಾಡಬಹುದು, ಎರಡು ಹಳೆಯ ತಂತ್ರಾಂಶಗಳನ್ನು ಜೋಡಿಸಿದರೆ ರಿಬ್ಬನ್ ಕಟ್ಟುವುದೆಲ್ಲಿ?

ಸರ್ಕಾರಿ ಕಚೇರಿಗಳ ಕತೆಯೂ ಬೇರೆಯಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯದ ಅನುಭವ ದೇಶಕ್ಕೇ ಪಾಠವಾಗುವಂಥದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಹೆಸರು ಮಾಡಿತು. ಅದರ ಬೆನ್ನಿಗೇ ನೋಂದಣಿ ಇಲಾಖೆಗೆ ‘ಕಾವೇರಿ’ ಬಂತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಉಪನೋಂದಣಾಧಿಕಾರಿ ಕಚೇರಿಯ ಗಣಕದಲ್ಲಿ ಕ್ರಯಪತ್ರ ನೋಂದಣಿಯಾದ ಸುದ್ದಿ ತಹಶೀಲ್ದಾರ್ ಕಚೇರಿಯ ಗಣಕಕ್ಕೆ ತಲುಪುತ್ತಿದ್ದುದು ‘ಜೆ ಸ್ಲಿಪ್’ ಎಂಬ ಕಾಗದದ ಚೀಟಿಯ ಮೂಲಕ. ಚೀಟಿ ಹೋಗಿ, ಹಕ್ಕು ಬದಲಾವಣೆ ಆಗುವವರೆಗೆ ಪಹಣಿಯಲ್ಲಿ ಮಾರಿದವನ ಹೆಸರೇ ಇರುತ್ತಿತ್ತು. ಮನಸ್ಸು ಕೆಟ್ಟವನು ಅದೇ ಪಹಣಿ ತೋರಿಸಿ ಇನ್ನೊಬ್ಬನಿಗೆ ಮಾರಬಹುದಿತ್ತು, ಬ್ಯಾಂಕಿನಲ್ಲಿ ಸಾಲ ಎತ್ತಬಹುದಿತ್ತು. ಕೊಂಡವನು ಚೀಟಿಯ ಹಿಂದೆ ಎರಡು ಕಚೇರಿಗಳ ನಡುವೆ ಅಲೆಯಬೇಕಿತ್ತು. ಬ್ರಾಡಿ ಹೌಸಿನಲ್ಲಿ ಇದ್ದದ್ದು ಇದೇ ಬಗೆಯ ಬಿರುಕು. ವ್ಯತ್ಯಾಸವೆಂದರೆ ಅಲ್ಲಿ ಸಾವಿರ ಕೋಟಿಗಳು, ಇಲ್ಲಿ ಒಬ್ಬೊಬ್ಬನ ಎರಡೆರಡು ಎಕರೆ.

ಬಳಿಕ ಭೂಮಿ ಮತ್ತು ಕಾವೇರಿಗಳನ್ನು ಜೋಡಿಸಲಾಯಿತು, ಸರ್ವೆ ಇಲಾಖೆಯ ‘ಮೋಜಣಿ’ಯೂ ಸೇರಿತು. ನೋಂದಣಿಗೆ ಮುನ್ನ ಪಹಣಿಯ ವಿವರ ಭೂಮಿಯಿಂದಲೇ ಬರುತ್ತದೆ, ನೋಂದಣಿಯಾದೊಡನೆ ಸುದ್ದಿ ತಾನಾಗಿ ಹಿಂದಿರುಗುತ್ತದೆ. ಭೂಮಿ ಬಂದಾಗ ಕೇಳಿಬಂದಷ್ಟು ಚಪ್ಪಾಳೆ ಈ ಜೋಡಣೆಗೆ ಕೇಳಿಬರಲಿಲ್ಲ. ಹಳ್ಳಿಯವನಿಗೆ ಇದರಿಂದ ಆದ ಉಪಕಾರ ಅದಕ್ಕಿಂತ ಕಡಿಮೆಯೇನಲ್ಲ ಎಂದು ನನಗನ್ನಿಸುತ್ತದೆ.

ಹಾಗೆಂದು ಕೊಂಡಿ ಬಿದ್ದ ಕೂಡಲೇ ಕಷ್ಟ ಕಳೆಯಿತು ಎನ್ನಲಾಗದು. ಕಾಗದದ ಕಾಲದಲ್ಲಿ ತಪ್ಪು ಒಂದು ಕಚೇರಿಯಲ್ಲಿ ಉಳಿಯುತ್ತಿತ್ತು, ಕೊಂಡಿಯ ಕಾಲದಲ್ಲಿ ಅದು ಕ್ಷಣದಲ್ಲಿ ಎಲ್ಲೆಡೆ ಹರಡುತ್ತದೆ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರಿದ್ದರೆ, ಹೆಸರಿನ ಒಂದು ಅಕ್ಷರ ಬೇರೆಯಾಗಿದ್ದರೆ, ವಿಸ್ತೀರ್ಣದಲ್ಲಿ ಗುಂಟೆ ಹೊಂದದಿದ್ದರೆ ಇನ್ನೊಂದು ತುದಿಯ ಗಣಕ ಮುಂದೆ ಹೋಗಲು ಒಪ್ಪುವುದಿಲ್ಲ. ಗುಮಾಸ್ತನೊಡನೆ ವಾದಿಸಬಹುದಿತ್ತು, ‘ಸಿಸ್ಟಮ್ ತಗೊಳ್ತಿಲ್ಲ’ ಎಂಬ ಮಾತಿನೊಡನೆ ವಾದಿಸುವುದು ಹೇಗೆ? ಮೇಲಾಗಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಾಗ ಒಂದು ನಿಂತರೆ ಎಲ್ಲವೂ ನಿಲ್ಲುತ್ತವೆ. 2025ರ ಆರಂಭದಲ್ಲಿ ಕಾವೇರಿ 2.0 ಕೈಕೊಟ್ಟು ರಾಜ್ಯದ ಉದ್ದಗಲಕ್ಕೂ ನೋಂದಣಿಗೆ ಬಂದವರು ಬರಿಗೈಲಿ ಹಿಂದಿರುಗಿದ್ದು ನೆನಪಿರಬಹುದು. ಸೈಬರ್ ದಾಳಿ ಅದಕ್ಕೆ ಕಾರಣ ಎಂದು ಸರ್ಕಾರ ಹೇಳಿತು.

ಹಾಗಾದರೆ ನಡುವಿನ ಜಾಗಕ್ಕೆ ಒಡೆತನ ಕಟ್ಟುವುದು ಸಾಧ್ಯವೇ ಇಲ್ಲವೇ? ಸಾಧ್ಯ ಎಂಬುದಕ್ಕೆ ನಮ್ಮೆಲ್ಲರ ಜೇಬಿನಲ್ಲೇ ಸಾಕ್ಷಿ ಇದೆ. ತರಕಾರಿ ಅಂಗಡಿಯಲ್ಲಿ ಯುಪಿಐ ಮೂಲಕ ಕೊಡುವ ನಲವತ್ತು ರೂಪಾಯಿ ನಮ್ಮ ಫೋನಿನ ಆ್ಯಪ್, ನಮ್ಮ ಬ್ಯಾಂಕು, ಅಂಗಡಿಯವನ ಬ್ಯಾಂಕು, ಇವೆಲ್ಲವನ್ನೂ ಜೋಡಿಸುವ ರಾಷ್ಟ್ರೀಯ ಪಾವತಿ ನಿಗಮದ ನಡುಗೇಂದ್ರ, ಹೀಗೆ ಹಲವು ಯಂತ್ರಗಳನ್ನು ದಾಟಬೇಕು. 2025ರ ಆಗಸ್ಟ್‌ನಲ್ಲಿ ಇಂಥ ವಹಿವಾಟುಗಳ ಸಂಖ್ಯೆ ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ಇಷ್ಟರಲ್ಲಿ ಒಂದಿಷ್ಟು ನಡುದಾರಿಯಲ್ಲಿ ಸಿಕ್ಕಿಕೊಳ್ಳುವುದು ಸಹಜ: ನಮ್ಮ ಖಾತೆಯಿಂದ ಹಣ ಹೋಗಿರುತ್ತದೆ, ಅವರಿಗೆ ತಲುಪಿರುವುದಿಲ್ಲ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಈ ತ್ರಿಶಂಕು ಸ್ಥಿತಿಗೆ ಬೆಲೆ ಕಟ್ಟಿತು. ಒಬ್ಬರಿಂದ ಒಬ್ಬರಿಗೆ ಕಳುಹಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡುವವರೆಗೆ ಕಾಯದೆ. ಹಣ ಯಾವ ಯಂತ್ರದಲ್ಲಿ ಸಿಕ್ಕಿಕೊಂಡಿತು ಎಂಬ ತಂಟೆ ಗ್ರಾಹಕನಿಗೆ ಬೇಕಿಲ್ಲ. ಅದನ್ನು ಬ್ಯಾಂಕುಗಳು ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳಬೇಕು.

ನಮ್ಮಲ್ಲಿ ಸಕಾಲ ಕಾಯ್ದೆಯೂ ಇದೆ. 2011ರ ಈ ಕಾಯ್ದೆ ಪ್ರತಿ ಸೇವೆಗೂ ಒಂದು ಗಡುವು, ಒಬ್ಬ ಹೊಣೆಗಾರ ಅಧಿಕಾರಿಯನ್ನು ಗೊತ್ತುಮಾಡುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ಈ ಕಾಯ್ದೆ ಲೆಕ್ಕ ಹಿಡಿಯುವುದು ಒಂದೊಂದು ಕಚೇರಿಯನ್ನು, ಒಬ್ಬೊಬ್ಬ ಅಧಿಕಾರಿಯನ್ನು. ಒಂದು ಇಲಾಖೆಯ ಪರದೆ ‘ಕಳುಹಿಸಲಾಗಿದೆ’ ಎಂದು ಹೇಳುತ್ತಿರುವಾಗ ಇನ್ನೊಂದು ಇಲಾಖೆಯ ಪರದೆ ‘ಬಂದಿಲ್ಲ’ ಎಂದರೆ, ಎರಡು ಕಿಟಕಿಗಳ ನಡುವೆ ನಿಂತ ರೈತ ಆ 20 ರೂಪಾಯಿಯನ್ನು ಯಾವ ಕಿಟಕಿಯಲ್ಲಿ ಕೇಳಬೇಕು?