ರೇಡಾರ್‌ನ ವೀಸದ ಲೆಕ್ಕ

ರೇಡಾರ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಿನಿಮಾದಲ್ಲಿ ಹಸಿರು ಪರದೆ ಮೇಲೆ ಸುತ್ತುವ ಗೆರೆ. ಒಳಗಿನ ತತ್ವ ಸರಳ. ರೇಡಿಯೋ ಅಲೆಯ ಒಂದು ಪಲ್ಸ್ ಕಳಿಸಿ, ಅದು ಎದುರಿನ ವಸ್ತುವಿಗೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವುದು. ಒಂದು ಮೈಕ್ರೋಸೆಕೆಂಡ್ ಆದರೆ ವಸ್ತು 150 ಮೀಟರ್ ದೂರದಲ್ಲಿದೆ. 300 ಅಲ್ಲ, ಹೋಗಿ ಬರೋದು ಎರಡೂ ಸೇರಿದೆಯಲ್ಲ!

ನಿಜವಾದ ತಲೆನೋವು ರೇಡಾರ್ ಸಮೀಕರಣದ ಛೇದದಲ್ಲಿ ಕೂತಿರುವ ದೂರದ ನಾಲ್ಕನೇ ಘಾತ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿಬಿಡ್ತೀವಿ, ಎಲ್ಲಿಂದ ಬಂತು ಅಂತ ಕೇಳೋದಿಲ್ಲ. ಟಾರ್ಚ್ ಬೆಳಕು ದೂರ ಹೋದಷ್ಟೂ ಹರಡಿ ಮಂಕಾಗುತ್ತಲ್ಲ, ಹಾಗೇ ಇದು. ದೂರ ಎರಡು ಪಟ್ಟಾದರೆ ವಿಮಾನದ ಮೇಲೆ ಬೀಳುವ ಶಕ್ತಿ ಕಾಲು ಭಾಗ. ವಿಮಾನ ಚದುರಿಸಿದ ಅಲೆ ವಾಪಸ್ ಬರುವಾಗಲೂ ಹರಡುತ್ತೆ, ಅಲ್ಲಿ ಮತ್ತೆ ಕಾಲು ಭಾಗ. ಕಾಲಿನಲ್ಲಿ ಕಾಲು ಅಂದ್ರೆ ಹದಿನಾರನೇ ಒಂದು, ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಒಂದು ವೀಸ. ಉಳಿದದ್ದೆಲ್ಲ ಹಾಗೇ ಇಟ್ಟು ಎರಡು ಪಟ್ಟು ದೂರ ನೋಡಬೇಕೆಂದರೆ 16 ಪಟ್ಟು ಪವರ್ ಬೇಕು!

ಇದೇ ಲೆಕ್ಕ ಸ್ಟೆಲ್ತ್ ವಿಮಾನ ಮಾಡುವವರನ್ನೂ ಕಾಡುತ್ತೆ. ಅವರು ಕಷ್ಟಪಟ್ಟು ವಿಮಾನದ ರೇಡಾರ್ ಕ್ರಾಸ್ ಸೆಕ್ಷನ್ ಅನ್ನು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿದರು ಅಂತಿಟ್ಟುಕೊಳ್ಳಿ. ಅದು ಕಾಣಿಸುವ ದೂರ ಇಳಿಯೋದು ಹತ್ತನೇ ಒಂದಕ್ಕೆ ಮಾತ್ರ. 200 ಕಿ.ಮೀ.ಯಲ್ಲಿ ಕಾಣಬೇಕಿದ್ದದ್ದು 20 ಕಿ.ಮೀ.ಯಲ್ಲಿ ಕಾಣುತ್ತೆ. ಮಾಯ ಆಗಲಿಲ್ಲ, ತಡವಾಗಿ ಕಂಡಿತು ಅಷ್ಟೇ. ಆದರೆ ಆ ತಡವೇ ಎಲ್ಲ. ಗಂಟೆಗೆ 900 ಕಿ.ಮೀ. ವೇಗದಲ್ಲಿ ನೇರ ನಮ್ಮತ್ತ ಬರುತ್ತಿದ್ದರೆ, ಮೊದಲಿನ ಲೆಕ್ಕದಲ್ಲಿ ತಯಾರಾಗೋಕೆ 13 ನಿಮಿಷಕ್ಕೂ ಹೆಚ್ಚು ಸಮಯ ಇತ್ತು. ಈಗ 80 ಸೆಕೆಂಡ್.

ಹಾಗಾದರೆ ಪವರ್ ಏರಿಸುತ್ತಾ ಹೋದರೆ ಆಯ್ತಾ? ವಿಮಾನ ಗುಡ್ಡಗಳ ಹಿನ್ನೆಲೆಯಲ್ಲಿ ತೀರಾ ಕೆಳಗೆ ಹಾರುತ್ತಿದ್ದರೆ ಅದೂ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ವಿಮಾನದ ಪ್ರತಿಧ್ವನಿಯಷ್ಟೇ ಗುಡ್ಡದ್ದೂ ಜೋರಾಗುತ್ತೆ. ಇಲ್ಲಿ ಕೈಹಿಡಿಯೋದು ಪಿಯುಸಿಯಲ್ಲಿ ಓದಿದ ಡಾಪ್ಲರ್ ಪರಿಣಾಮ. ಹತ್ತಿರ ಬರುವ ವಸ್ತುವಿನಿಂದ ಮರಳಿದ ಅಲೆಯ ಆವರ್ತನ ಸ್ವಲ್ಪ ಏರಿರುತ್ತೆ, ನಿಂತ ಗುಡ್ಡದ್ದು ಬದಲಾಗಲ್ಲ. ಬದಲಾಗದ್ದನ್ನು ಫಿಲ್ಟರ್‌ನಲ್ಲಿ ಸೋಸಿದರೆ ವಿಮಾನ ಉಳಿಯುತ್ತೆ. ಪೊಲೀಸರ ರೇಡಾರ್ ಸ್ಪೀಡ್ ಗನ್ ಕೂಡ ಇದೇ ವ್ಯತ್ಯಾಸ ಅಳೆಯೋದು. 24 ಗಿಗಾಹರ್ಟ್ಜ್ ಗನ್‌ನತ್ತ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಬೈಕು ಕೊಡುವ ವ್ಯತ್ಯಾಸ ಸುಮಾರು 2,670 ಹರ್ಟ್ಜ್. ಸ್ಪೀಕರ್‌ಗೆ ಕೊಟ್ಟರೆ ಕಿವಿಗೇ ಕೇಳಿಸುವಷ್ಟು!

ಪೈಲಟ್‌ಗಳಿಗೂ ಇದು ಗೊತ್ತು. ರೇಡಾರ್‌ನತ್ತ ಬರದೆ ಅದಕ್ಕೆ ಅಡ್ಡಲಾಗಿ ಹಾರಿದರೆ ಡಾಪ್ಲರ್ ವ್ಯತ್ಯಾಸ ಸೊನ್ನೆ ಹತ್ತಿರ ಬರುತ್ತೆ, ಗುಡ್ಡದ ಜೊತೆ ವಿಮಾನವೂ ಸೋಸಿ ಹೋಗಬಹುದು.