ಬಳ್ಳಿಯ ಹಿಡಿತ, ಚಪ್ಪರದ ಬೆಳಕು

ಕೃಷ್ಣೆಯ ದಂಡೆ ಹಿಡಿದು ಕಾಗವಾಡ ತಾಲ್ಲೂಕಿನ ಉಗಾರ, ಶೇಡಬಾಳ, ಐನಾಪುರದತ್ತ ಹೋದರೆ ಕಣ್ಣಿಗೆ ಬೀಳುವುದು ಕಬ್ಬು. ಹೊಳೆ ಬಿಟ್ಟು ಅಥಣಿ ದಾಟಿ ತೆಲಸಂಗದ ಕಡೆ ಸಾಗಿದಂತೆ ಕಬ್ಬಿಣದ ಕಂಬ, ತಂತಿಗಳ ಸಾಲು ಶುರುವಾಗುತ್ತದೆ. ಅದು ದ್ರಾಕ್ಷಿಯ ಸೀಮೆ. ಗಡಿಯಾಚೆ ಮಿರಜ ತಾಲ್ಲೂಕಿನ ಆರಗ, ಬೇಡಗದ ಎಲೆತೋಟಗಳ ರೀತಿಯೇ ಬೇರೆ. ಅಲ್ಲಿ ಬಳ್ಳಿಗೆ ಜೀವಂತ ಮರವೇ ಆಸರೆ. ಎರಡೂ ಬಳ್ಳಿಗಳೇ ಆದರೂ ಒಂದಕ್ಕೆ ಒಗ್ಗಿದ ಆಸರೆ ಇನ್ನೊಂದಕ್ಕೆ ಒಗ್ಗದು. ಯಾವ ಬಳ್ಳಿ ಯಾವುದರಿಂದ ಹಿಡಿದುಕೊಳ್ಳುತ್ತದೆ ಎಂದು ನೋಡದೆ ಚಪ್ಪರ ಹಾಕಬಾರದು.

ವೀಳ್ಯದ ಬಳ್ಳಿ ಹಿಡಿಯುವುದು ಗಿಣ್ಣಿನಲ್ಲಿ ಒಡೆಯುವ ಪುಟ್ಟ ಬೇರುಗಳಿಂದ. ಅವಕ್ಕೆ ಒರಟಾದ, ತಂಪಾದ, ಸ್ವಲ್ಪ ಪಸೆಯಿರುವ ತೊಗಟೆ ಬೇಕು. ಬಿಸಿಲಿಗೆ ಕಾಯುವ ಕಬ್ಬಿಣದ ಮೇಲೆ ಆ ಬೇರು ನಿಲ್ಲದು. ಎಲೆತೋಟದವರು ಚೊಗಚೆ, ನುಗ್ಗೆ, ಹಾಲಿವಾಣ ನೆಡುವುದರ ಹಿಂದೆ ಇದಲ್ಲದೆ ಇನ್ನೂ ಕಾರಣಗಳಿವೆ. ಚೊಗಚೆ, ನುಗ್ಗೆಗಳ ಸಣ್ಣ ಎಲೆಗಳು ಬಿಸಿಲನ್ನು ಸೋಸಿ ಕೆಳಗಿಳಿಸುತ್ತವೆ. ಚೊಗಚೆ, ಹಾಲಿವಾಣಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ.

ಹಿತ್ತಲಿನ ಹೀರೆ, ಹಾಗಲಗಳದ್ದು ಕುಡಿಬಳ್ಳಿಯ ಹಿಡಿತ. ಕುಡಿ ಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತ ಏನಾದರೂ ತಾಗಿದೊಡನೆ ಅದರ ಕಡೆಗೆ ಬಾಗುತ್ತದೆ. ಸುತ್ತಿಕೊಳ್ಳಲು ತೆಳುವಾದ ಆಧಾರ ಬೇಕು. ದಪ್ಪನೆಯ ನುಣುಪು ಪೈಪು ಅದರ ಹಿಡಿತಕ್ಕೆ ಸಿಕ್ಕದು. ಪೈಪಿನ ಚಪ್ಪರ ಹಾಕಿದವರು ಅದರ ಮೇಲೊಂದು ಬಲೆ ಇಲ್ಲವೇ ಸುತಳಿ ಕಟ್ಟಿದರೆ ಸಾಕು, ಬಳ್ಳಿ ತಾನೇ ಏರುತ್ತದೆ. ಹಿಡಿದ ಮೇಲೆ ಕುಡಿ ಸುರುಳಿಯಾಗುತ್ತದೆ. ಎರಡೂ ತುದಿ ಕಟ್ಟಿಬಿದ್ದಿರುವುದರಿಂದ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಸುತ್ತಿ ಸ್ಪ್ರಿಂಗಿನಂತೆ ಗಾಳಿಯ ಜಗ್ಗಾಟ ತಾಳುತ್ತದೆ. 1865ರಲ್ಲಿ ಹಬ್ಬುಬಳ್ಳಿಗಳ ಚಲನೆಯ ಕುರಿತು ಬರೆದ ಡಾರ್ವಿನ್, ಬಿರುಗಾಳಿಯಲ್ಲೇ ಬೇಲಿಯ ಬಳಿ ನಿಂತು ಇದನ್ನು ನೋಡಿದ್ದ.

ದ್ರಾಕ್ಷಿಗೂ ಕುಡಿಯಿದೆ. ಆದರೆ ನಮ್ಮ ರೈತರು ಅದನ್ನು ಚಿವುಟಿ, ರೆಂಬೆಯನ್ನು ತಾವೇ ತಂತಿಗೆ ಕಟ್ಟುತ್ತಾರೆ. ವಿಚಿತ್ರವೆಂದರೆ ಕುಡಿಯೂ ಗೊನೆಯೂ ಒಂದೇ ಮೂಲದವು. ಮೊಗ್ಗಿನೊಳಗಿನ ಒಂದು ಸಣ್ಣ ಅಂಕುರ ಮುಂದೆ ಕುಡಿಯೂ ಆಗಬಹುದು, ಹೂಗೊಂಚಲೂ ಆಗಬಹುದು. ಜಿಬ್ಬರೆಲಿನ್ ಎಂಬ ಚೋದಕ ಅದನ್ನು ಕುಡಿಯ ಕಡೆ ಎಳೆಯುತ್ತದೆ. ಜಿಬ್ಬರೆಲಿನ್ನಿಗೆ ಸರಿಯಾಗಿ ಸ್ಪಂದಿಸದ ಒಂದು ಕುಬ್ಜ ದ್ರಾಕ್ಷಿಯಲ್ಲಿ ಕುಡಿ ಇರಬೇಕಾದ ಜಾಗದಲ್ಲೆಲ್ಲ ಗೊಂಚಲೇ ಮೂಡುವುದನ್ನು 2002ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಏಪ್ರಿಲ್ ಚಾಟನಿಯ, ಅಂದರೆ ರೆಂಬೆ ಕತ್ತರಿಸುವ ಕೆಲಸದ, ನಂತರ ನಮ್ಮಲ್ಲಿ ಸಿಸಿಸಿ ಎಂಬ ಬೆಳವಣಿಗೆ ನಿಯಂತ್ರಕ ಸಿಂಪಡಿಸುವುದೂ ಜಿಬ್ಬರೆಲಿನ್ನನ್ನು ಹತ್ತಿಕ್ಕಿ ಚಿಗುರಿನ ಓಟ ತಡೆಯಲೆಂದೇ.

ಅಂಕುರದ ಈ ತೀರ್ಮಾನದಲ್ಲಿ ಬೆಳಕಿನ ಪಾತ್ರ ದೊಡ್ಡದು. ಏಪ್ರಿಲ್ ಚಾಟನಿಯಾದ ಸುಮಾರು 40ರಿಂದ 60 ದಿನಗಳಲ್ಲಿ ಮೊಗ್ಗಿನೊಳಗೆ ನಡೆಯುವುದರ ಫಲ ಅಕ್ಟೋಬರ್ ಚಾಟನಿಯ ನಂತರವೇ ಹೊರಗೆ ಕಾಣುವುದು. ದ್ರಾಕ್ಷಿಯ ಒಂದೇ ಒಂದು ಎಲೆ ತನ್ನ ಮೇಲೆ ಬಿದ್ದ, ಆಹಾರ ತಯಾರಿಕೆಗೆ ಒದಗುವ ಬೆಳಕಿನಲ್ಲಿ ನೂರಕ್ಕೆ ಆರರಷ್ಟನ್ನು ಮಾತ್ರ ಕೆಳಗೆ ಬಿಡುತ್ತದೆ. ಎರಡನೆಯ ಎಲೆಯ ಅಡಿಯಲ್ಲಿ ಒಂದು ಪಾಲೂ ಉಳಿಯದು. ಎಲೆಯ ಮೇಲೆ ಎಲೆ ಬಿದ್ದ ಚಪ್ಪರದಡಿಯ ಮೊಗ್ಗು ಕತ್ತಲಲ್ಲೇ ಬೆಳೆದು ಬರಡಾಗುತ್ತದೆ. ಗೊನೆ ಕಡಿಮೆಯಾದಾಗ ಗೊಬ್ಬರವನ್ನು ದೂರುವ ಮೊದಲು ಚಪ್ಪರದ ಕೆಳಗೆ ನಿಂತು ತಲೆಯೆತ್ತಿ ನೋಡಬೇಕು.

ಹಳೆಯ ಪದ್ಧತಿ, ತಲೆಯ ಮೇಲೆ ಹರಡಿದ ಮಟ್ಟಸದ ಚಪ್ಪರ. ಇಳುವರಿ ಹೆಚ್ಚು, ಗೊನೆ ನೆರಳಲ್ಲಿ ತೂಗುವುದರಿಂದ ಬಿಸಿಲಿಗೆ ಸುಡದು. ಒಣದ್ರಾಕ್ಷಿಯ ಹಸಿರು ಬಣ್ಣ ಕಾಯುವವರಿಗೆ ಇದು ಸಣ್ಣ ಮಾತಲ್ಲ. ವೈ ಆಕಾರದ ಆಸರೆಯಲ್ಲಿ ಎರಡು ತೋಳು ಓರೆಯಾಗಿ ಚಾಚಿ, ಸಾಲಿನ ನಡುವೆ ಬೆಳಕೂ ಗಾಳಿಯೂ ಇಳಿಯುತ್ತವೆ. ಎಲೆ ಬೇಗ ಆರುವುದರಿಂದ ಬೂಜು ತುಪ್ಪಟ ರೋಗಕ್ಕೆ ಅವಕಾಶ ಕಡಿಮೆ. ಔಷಧಿಯೂ ಒಳಗೆ ತಲುಪುತ್ತದೆ. ಹೊಸದಾಗಿ ತೋಟ ಮಾಡುವವರಿಗೆ ನಾನು ವೈ ಅನ್ನೇ ಹೇಳುತ್ತೇನೆ. ಚಪ್ಪರವೇ ಬೇಕೆಂದರೆ ಏಪ್ರಿಲ್ ಹಂಗಾಮಿನಲ್ಲಿ ಚಿಗುರು ತೆಳುವಾಗಿಸುವ ಕೆಲಸ ತಪ್ಪಿಸಬಾರದು.

ಇನ್ನು ಭಾರದ ಲೆಕ್ಕ. 5 ಮೀಟರ್ ಅಂತರದ ಎರಡು ಕಂಬಗಳ ನಡುವಿನ ತಂತಿ ಮೀಟರಿಗೆ 10 ಕಿಲೋ ಹೊತ್ತು 10 ಸೆಂಟಿಮೀಟರ್ ಜೋತಿದ್ದರೆ, ಅದರ ಎಳೆತ 300 ಕಿಲೋ ಮೀರುತ್ತದೆ. 20 ಸೆಂಟಿಮೀಟರ್ ಜೋಲಲು ಬಿಟ್ಟರೆ ಎಳೆತ ಅರ್ಧಕ್ಕಿಳಿಯುತ್ತದೆ. ನಡುವಿನ ಕಂಬಗಳಲ್ಲಿ ಎರಡು ಕಡೆಯ ಎಳೆತ ಸರಿದೂಗಿ ಬರಿಯ ತೂಕ ಉಳಿದರೆ, ತುದಿಯ ಕಂಬ ಪೂರ್ತಿ ಎಳೆತವನ್ನು ಒಂಟಿಯಾಗಿ ತಾಳಬೇಕು. ಅದನ್ನು ಹೊರಕ್ಕೆ ಓರೆಯಾಗಿ ನಿಲ್ಲಿಸಿ, ಹಿಂದೆ ಆಳವಾಗಿ ಹೂತ ಕಲ್ಲಿಗೆ ಬಿಗಿಯಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನಲ್ಲಿ ಬಿರುಕಿನ ಆಳಕ್ಕಿಂತ ಕೆಳಗೆ ಅಡಿಪಾಯ ಹೋಗದಿದ್ದರೆ ಕಂಬ ವರ್ಷವರ್ಷ ವಾಲುತ್ತದೆ. ಉಕ್ಕಿನ ತಂತಿಯೂ ಸುಮ್ಮನಿರದು: 100 ಮೀಟರ್ ಸಾಲಿನಲ್ಲಿ ಉಷ್ಣತೆ 25 ಡಿಗ್ರಿ ಏರಿದರೆ 3 ಸೆಂಟಿಮೀಟರ್ ಉದ್ದವಾಗುತ್ತದೆ. ಚಳಿಯ ಮುಂಜಾನೆ ಬಿಗಿಯಾಗಿದ್ದ ತಂತಿ, ಗೊನೆ ತೂಕ ಹಿಡಿಯುವ ಫೆಬ್ರವರಿ-ಮಾರ್ಚಿನ ಮಧ್ಯಾಹ್ನ ಸಡಿಲವಾಗಿರುತ್ತದೆ. ತಂತಿ ಬಿಗಿಸುವ ಕೆಲಸವನ್ನು ಕಾಯಿ ದಪ್ಪವಾಗುವ ಮೊದಲೇ ಮುಗಿಸಬೇಕು.