ಸಂಬಳ ಹೋಗಲಿ, ಪಾಸ್‌ವರ್ಡ್ ಬೇಡ

ಒಂದು ಕಂಪನಿಯ ತಂತ್ರಾಂಶದಲ್ಲಿ ‘ನೌಕರ’ ಎಂಬ ಆಬ್ಜೆಕ್ಟ್ ಇದೆಯೆನ್ನಿ. ಅದರೊಳಗೆ ‘ಪ್ರಾಪರ್ಟಿ’ಗಳಾಗಿ ಹೆಸರು, ಸಂಬಳ, ಬೋನಸ್, ಜೊತೆಗೆ ಪಾಸ್‌ವರ್ಡ್. ಈ ವಿವರ ಬ್ಯಾಂಕಿಗೆ ಹೋಗಬೇಕಾದರೆ ಮೆಮೊರಿಯಲ್ಲಿರುವ ಆಬ್ಜೆಕ್ಟನ್ನು ಕಳಿಸಬಲ್ಲ ರೂಪಕ್ಕೆ ತರಬೇಕು. ಇದೇ ಸೀರಿಯಲೈಸೇಶನ್. ಅಂಥ ರೂಪಗಳಲ್ಲೊಂದು, 1998ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಅಂಗೀಕರಿಸಿದ ಎಕ್ಸ್‌ಎಂಎಲ್.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಈ ಕೆಲಸ ಮಾಡುವ ಎಕ್ಸ್‌ಎಂಎಲ್‌ಸೀರಿಯಲೈಸರ್ ಧಾರಾಳಿ. ಪಬ್ಲಿಕ್ ಆಗಿರುವ, ಓದಲೂ ಬರೆಯಲೂ ಬರುವ ಪ್ರಾಪರ್ಟಿಗಳನ್ನೆಲ್ಲ ಯಾರನ್ನೂ ಕೇಳದೆ ಬರೆದುಬಿಡುತ್ತದೆ. ಪಾಸ್‌ವರ್ಡ್ ಕೂಡ ಪಬ್ಲಿಕ್ ಆಗಿದ್ದರೆ ಅದೂ ಹೊರಟಿತು!

ತಡೆಯುವುದು ಸುಲಭ. ಪ್ರಾಪರ್ಟಿಯ ಮೇಲಿನ ಸಾಲಿನಲ್ಲಿ, ಚೌಕ ಆವರಣದೊಳಗೆ, ಎಕ್ಸ್‌ಎಂಎಲ್‌ಇಗ್ನೋರ್ ಎಂದು ಬರೆದರಾಯಿತು. ಆಮೇಲೆ ಬರೆಯುವಾಗಲೂ ಅದರ ಸುದ್ದಿಯಿಲ್ಲ, ಓದುವಾಗಲೂ ಇಲ್ಲ.

ಬೋನಸ್ಸಿನ ಕಥೆ ಬೇರೆ. ಅದು ಕೆಲವರಿಗೆ ಉಂಟು, ಕೆಲವರಿಗಿಲ್ಲ. ಇಂಥಲ್ಲಿ ಆಬ್ಜೆಕ್ಟಿನ ಅಚ್ಚಾದ ಕ್ಲಾಸಿನೊಳಗೆ ಶುಡ್‌ಸೀರಿಯಲೈಸ್‌ಬೋನಸ್ ಎಂಬ ಪಬ್ಲಿಕ್ ಮೆಥಡ್ ಬರೆಯುತ್ತಾರೆ. ಅದು ‘ಟ್ರೂ’ ಎಂದರೆ ಬೋನಸ್ ಬರುತ್ತದೆ, ‘ಫಾಲ್ಸ್’ ಎಂದರೆ ಇಲ್ಲ. ಇಲ್ಲಿ ನಡೆಯುವುದೆಲ್ಲ ಹೆಸರಿನ ಬಲದಿಂದ. ಒಂದಕ್ಷರ ತಪ್ಪಿದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಬೋನಸ್ ಮಾತ್ರ ಎಂದಿನಂತೆ ಹೊರಬರುತ್ತಿರುತ್ತದೆ. ಬೋನಸ್‌ಸ್ಪೆಸಿಫೈಡ್ ಎಂಬ ಬೂಲಿಯನ್ ಪ್ರಾಪರ್ಟಿ ಇಟ್ಟರೂ ಇದೇ ಕೆಲಸ ಆಗುತ್ತದೆ. ಓದುವಾಗ ಬೋನಸ್ ಬಂದಿತ್ತೇ ಇಲ್ಲವೇ ಎಂಬುದನ್ನೂ ಅದು ತಿಳಿಸುತ್ತದೆ. ಸೊನ್ನೆ ಬೋನಸ್ಸಿಗೂ ಬೋನಸ್ಸೇ ಇಲ್ಲದ್ದಕ್ಕೂ ವ್ಯತ್ಯಾಸ ಬೇಕಾದಾಗ ಇದೇ ಮೇಲು.

ನಿಜವಾದ ಕಿರಿಕಿರಿ ಡಿಫಾಲ್ಟ್‌ವ್ಯಾಲ್ಯೂ ಎಂಬ ಗುರುತಿನದು. ಬೋನಸ್ಸಿಗೆ 500 ಎಂದು ಗುರುತು ಹಾಕಿದರೆ, ಮೌಲ್ಯ ಅಷ್ಟೇ ಇದ್ದಾಗ ಎಕ್ಸ್‌ಎಂಎಲ್‌ನಲ್ಲಿ ಅದು ಕಾಣುವುದಿಲ್ಲ. ಆದರೆ ತಿರುಗಿ ಓದುವಾಗ ಸೀರಿಯಲೈಸರ್ ತಾನಾಗಿ 500 ತುಂಬುವುದಿಲ್ಲ. ಕ್ಲಾಸಿನಲ್ಲೂ ಆರಂಭದ ಮೌಲ್ಯ 500 ಎಂದು ಕೊಡದಿದ್ದರೆ ಅದು ಸೊನ್ನೆಯಾಗುತ್ತದೆ.

ಡಾಟ್‌ನೆಟ್‌ನಲ್ಲೇ ಇರುವ ಇನ್ನೊಂದು ಸಾಧನ ಡೇಟಾಕಾಂಟ್ರಾಕ್ಟ್‌ಸೀರಿಯಲೈಸರ್‌ನ ರೀತಿ ಇದಕ್ಕೆ ತಿರುವುಮುರುವು. ಡೇಟಾಕಾಂಟ್ರಾಕ್ಟ್ ಎಂದು ಗುರುತಿಸಿದ ಕ್ಲಾಸಿನಲ್ಲಿ, ಡೇಟಾಮೆಂಬರ್ ಎಂಬ ಗುರುತು ಇರುವವಕ್ಕೆ ಮಾತ್ರ ಹೊರಗೆ ದಾರಿ. ಗುಟ್ಟಿನ ಮಾಹಿತಿ ಇರುವಲ್ಲಿ ಈ ಜಿಪುಣತನವೇ ಕ್ಷೇಮ: ಮರೆತರೆ ಒಂದು ವಿವರ ಕಡಿಮೆಯಾದೀತು, ಸೋರಿಹೋಗದು. 

ಕ್ಲಾಸ್ ಬೇರೆಯವರದಾಗಿದ್ದು ಅದನ್ನು ಮುಟ್ಟುವಂತಿಲ್ಲದಿದ್ದರೆ? ಎಕ್ಸ್‌ಎಂಎಲ್‌ಆಟ್ರಿಬ್ಯೂಟ್‌ಓವರ್‌ರೈಡ್ಸ್ ಮೂಲಕ ಹೊರಗಿನಿಂದಲೇ ನಿಯಮ ಹೇರಬಹುದು. ಆದರೆ ಹೀಗೆ ಕಟ್ಟಿದ ಸೀರಿಯಲೈಸರನ್ನು ಡಾಟ್‌ನೆಟ್ ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಹೊಸದು ಕಟ್ಟಿದರೆ ಮೆಮೊರಿ ತುಂಬುತ್ತಲೇ ಹೋಗುತ್ತದೆ. ಒಮ್ಮೆ ಕಟ್ಟಿ, ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿಟ್ಟು, ಅದನ್ನೇ ಮತ್ತೆ ಮತ್ತೆ ಬಳಸಬೇಕು.